ವಾಲ್ವಿನಿಂದ ನಾಲ್ಕು ಬೆರಳು

1998ರ ಏಪ್ರಿಲ್. ದಾವಣಗೆರೆಯ ವಿನೋಬನಗರದಲ್ಲಿ ನನ್ನ ಪಂಕ್ಚರ್ ಅಂಗಡಿಗೆ ಬಕ್ಕೇಶಪ್ಪ ಒಂದೇ ವಾರದಲ್ಲಿ ಮೂರನೇ ಸಲ ಸ್ಕೂಟರ್ ತಂದರು. ಮೂರು ಸಲವೂ ಹಿಂದಿನ ಗಾಲಿ ಕೂತದ್ದು ಹರಿಹರದ ದಾರಿಯ ಕಾಲುವೆ ಸೇತುವೆಯ ಮೇಲೆ.

"ಸಾಬ್ರೆ, ನಾಳೆ ಮಗಳಿಗೆ ಹರಿಹರದಾಗ ಪರೀಕ್ಷೆ ಐತೆ. ಗಾಡಿ ಕೈಕೊಟ್ರೆ ಅವಳ ಒಂದ್ ವರ್ಷ ಹೋಯ್ತು."

"ಮೊಳೆ ಬಿತ್ಕೊಂಡು ಹೋಗ್ತೀರೇನ್ರಿ?" ಎಂದು ನಕ್ಕೆ.

ಬಿಸಿಲಿಗೆ ಕಾದಿದ್ದ ತೊಟ್ಟಿಯ ನೀರಿನಲ್ಲಿ ಟ್ಯೂಬ್ ಅದ್ದಿದೆ. ಗುಳ್ಳೆ ಎದ್ದ ಜಾಗದಲ್ಲಿ ಮಾತ್ರ ನೀರು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ತೂತು ವಾಲ್ವಿನಿಂದ ನಾಲ್ಕು ಬೆರಳು ದೂರ. ಮೊದಲ ಎರಡು ಸಲ ಬಿಚ್ಚಿದ ಟ್ಯೂಬುಗಳಲ್ಲೂ ತೂತು ಅಲ್ಲೇ ಇತ್ತು. ಟೈರಿನೊಳಗೆ ಕೈಯಾಡಿಸಿದೆ, ಮುಳ್ಳೂ ಇಲ್ಲ, ಮೊಳೆಯೂ ಇಲ್ಲ. ತೂತಿನ ಅಂಚು ಹೊರಕ್ಕೆ ಮಡಚಿಕೊಂಡಿತ್ತು. ಚುಚ್ಚಿದ್ದು ಟ್ಯೂಬಿನ ಒಳಗಿನಿಂದ.

ಹೊಸ ಟೈರು, ಹೊಸ ಟ್ಯೂಬು ಹಾಕಿ ನಾನೊಬ್ಬನೇ ಹರಿಹರಕ್ಕೆ ಹೋಗಿಬಂದೆ. ಏನೂ ಆಗಲಿಲ್ಲ.

"ಮೂರು ಸಲಾನೂ ಹಿಂದೆ ಯಾರು ಕೂತಿದ್ರು?"

"ನಮ್ ಮಗಳು ರೂಪಶ್ರೀನೇ. ಯಾಕ್ರಿ?"

"ಸುಮ್ನೆ ಕೇಳ್ದೆ. ನಾಳೆ ಮಗೂನ ಬಸ್ಸಿಗೆ ಕಳಿಸ್ರಿ. ಎರಡು ತಾಸು ಮೊದ್ಲೇ ಹೊರಡ್ಲಿ."

ಹುಡುಗಿ ಪರೀಕ್ಷೆ ಬರೆದಳು. ಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿದ್ದರಿಂದ ಉಳಿದ ದಾರಿ ನಡೆದೇ ಹೋದಳಂತೆ.

ಮರುದಿನ ಆ ಬಸ್ಸಿನ ಕ್ಲೀನರ್ ಟ್ಯೂಬನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆ ಹಾಕಿದ. ನೀರಿಗೆ ಅದ್ದುವ ಮೊದಲೇ ವಾಲ್ವಿನಿಂದ ನಾಲ್ಕು ಬೆರಳು ಅಳೆದು ನೋಡಿದೆ. ತೂತು ಅಲ್ಲೇ ಇತ್ತು, ಅಂಚು ಹೊರಕ್ಕೆ ಮಡಚಿಕೊಂಡಿತ್ತು.