ಹುಲಿಗವ್ವ ಎಂದೇ ಕರೆಯಿರಿ

ನನ್ನ ಮಗಳ ಹೆಸರನ್ನು ನನ್ನನ್ನು ಕೇಳದೆ ಬದಲಾಯಿಸಿದ ಗಂಡಸಿನ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಪ್ರೀತಿ ಆಮೇಲೆ ಬಂತು. ಅದೂ ನನ್ನನ್ನು ಕೇಳಲಿಲ್ಲ.

ಕೊಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹರ್ಷ ಸರ್ ಅವರ ಕ್ಲಾಸು. ಊರಿನ ದೊಡ್ಡ ಇಂಗ್ಲಿಷ್ ಶಾಲೆಯಲ್ಲಿ ಎಲ್‌ಕೆಜಿಗೆ ಇದ್ದದ್ದು ನಲವತ್ತು ಸೀಟು, ಬಂದ ಅರ್ಜಿ ಮುನ್ನೂರಕ್ಕೂ ಹೆಚ್ಚು. ಎಳೆ ಮಕ್ಕಳಿಗೆ ಪರೀಕ್ಷೆ ಇಡುವ ಹಾಗಿಲ್ಲವೆಂದು ಶಾಲೆಯವರು ಅದನ್ನು ‘ಇಂಟರಾಕ್ಷನ್’ ಎನ್ನುತ್ತಿದ್ದರು. ಅದಕ್ಕೆ ನಾಲ್ಕು ವರ್ಷದ ಮಕ್ಕಳನ್ನು ತಯಾರು ಮಾಡುವುದರಲ್ಲಿ ಹರ್ಷ ಸರ್ ಎತ್ತಿದ ಕೈ ಎಂದು ಎಲ್ಲರೂ ಹೇಳುತ್ತಿದ್ದರು.

ಅರ್ಜಿಯನ್ನು ಅವರೇ ತುಂಬಿ, ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟರು. ತಾಯಿ: ನೇತ್ರಾವತಿ. ಉದ್ಯೋಗ: ಬಸ್ ಕಂಡಕ್ಟರ್. ತಂದೆ: ದಿವಂಗತ. ಎಲ್ಲ ಸರಿಯಾಗಿತ್ತು. ಮಗುವಿನ ಹೆಸರು: ಹನ್ವಿಕಾ.

"ಯಾರ್ರಿ ಈಕಿ?" ಎಂದೆ.

"ನಿಮ್ಮ ಮಗಳ್ರಿ."

"ನನ್ನ ಮಗಳು ಹುಲಿಗವ್ವ."

"ಅದು ಮನ್ಯಾಗ ಕರಿಯೋ ಹೆಸರು ಅಂತ ತಿಳಕೊಂಡಿದ್ದೆ ರಿ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಆ ಸಾಲ್ಯಾಗ ಇಂಥಾ ಹೆಸರು ನಡಿಯೂದು ಕಷ್ಟ ಮೇಡಂ. ಮೊದಲಿನ ‘ಹ’ ಹಂಗ ಇಟ್ಟೀನಿ. ಜನನ ಪ್ರಮಾಣಪತ್ರಕ್ಕ ಆಮ್ಯಾಲ ಒಂದು ಅಫಿಡವಿಟ್ ಮಾಡಿಸಿದ್ರ ಆತು."

"‘ಹ’ ಉಳಿಸಿದ್ದಕ್ಕ ನಿಮಗ ಶಾಲು ಹೊದಿಸಿ ಹಾರ ಹಾಕಬೇಕೇನ್ರಿ?"

ಹುಲಿಗವ್ವ ನನ್ನ ಅವ್ವನ ಹೆಸರು. ಇಟ್ಟಂಗಿ ಭಟ್ಟಿಯಲ್ಲಿ ತಲೆಯ ಮೇಲೆ ಇಟ್ಟಂಗಿ ಹೊತ್ತು ಅವಳು ನನ್ನನ್ನು ಪಿಯುಸಿ ಓದಿಸಿದಳು. ನನ್ನ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಗಂಡ ಜ್ವರದಲ್ಲಿ ತೀರಿಕೊಂಡ. ಆಗ ಕೂಸನ್ನು ತಾನು ಇಟ್ಟುಕೊಂಡು, ನನ್ನ ಕೈಗೆ ಬುತ್ತಿ ಕೊಟ್ಟು ಡ್ಯೂಟಿಗೆ ಕಳಿಸಿದವಳೂ ಅವಳೇ. ಅಂಥವಳ ಹೆಸರನ್ನು ಒಬ್ಬ ಮಾಸ್ತರ ಕಂಪ್ಯೂಟರಿನಲ್ಲಿ ಅಳಿಸಿ ಕೂತಿದ್ದ.

ಆದರೂ ಆ ಸೀಟು ನನಗೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಹಿಂದೆ ನಾನು ಗಂಗಾವತಿ ಕಡೆ ಡ್ಯೂಟಿಯಲ್ಲಿದ್ದಾಗ, ವಿರೂಪಾಪುರಗಡ್ಡೆಗೆ ಹೊರಟಿದ್ದ ಫಾರಿನ್ ಹೆಂಗಸೊಬ್ಬಳು ನನ್ನನ್ನು ಏನೋ ಕೇಳಿದಳು. ಮೂರು ಸಲ ಕೇಳಿದಳು. ನಾನು ಮೂರು ಸಲವೂ ಸುಮ್ಮನೆ ನಿಂತೆ. ಹಿಂದಿನ ಸೀಟಿನ ಕಾಲೇಜು ಹುಡುಗರು ನಕ್ಕರು. ನನ್ನ ಮಗಳು ಯಾರ ಮುಂದೆಯೂ ಹಾಗೆ ನಿಲ್ಲಬಾರದು ಎಂದು ಅವತ್ತೇ ಹಟ ತೊಟ್ಟಿದ್ದೆ.

"ಹೆಸರು ತಿದ್ದ್ರಿ. ಇಂಗ್ಲಿಷ್ ಕಲಸ್ರಿ," ಎಂದೆ. "ಎರಡೂ ಮಾಡೋದಿದ್ರ ಕೂಸಿನ್ನ ಬಿಡ್ತೀನಿ. ಇಲ್ಲಂದ್ರ ಈಗ ಕರಕೊಂಡು ಹೊಂಟೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಹೆಸರು ತಿದ್ದಿ ಇನ್ನೊಂದು ಪ್ರಿಂಟ್ ತೆಗೆದುಕೊಟ್ಟು, ಮೆಲ್ಲಗೆ ನಕ್ಕರು. ಬೈದವಳ ಮುಂದೆ ನಗುವ ಗಂಡಸು ಒಂದೋ ದಡ್ಡನಿರಬೇಕು, ಇಲ್ಲವೇ ಒಳ್ಳೆಯವನಿರಬೇಕು. ಯಾವುದೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ದಿನಾ ಸಂಜೆ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಆ ಮೆಟ್ಟಿಲು ಹತ್ತುತ್ತಿದ್ದೆ. ಕೋಣೆಗೆ ಒಂದೇ ಕುರ್ಚಿ, ಒಂದೇ ಫ್ಯಾನು. ಮೊದಲ ವಾರ ಕುರ್ಚಿ ಬಾಗಿಲ ಹತ್ತಿರ ಇತ್ತು. ಎರಡನೆಯ ವಾರ ನಾನು ಬರುವ ಹೊತ್ತಿಗೆ ಅದು ಫ್ಯಾನಿನ ಕೆಳಗೆ ಬಂದು ನಿಂತಿತ್ತು. ಯಾರು ತಂದಿಟ್ಟರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ನೆಲದ ಮೇಲೆ ಮಕ್ಕಳ ನಡುವೆ ಕೂತು ಚಿತ್ರದ ಕಾರ್ಡು ಎತ್ತಿ ಹಿಡಿಯುತ್ತಿದ್ದರು. ಕಾರ್ಡಿನ ಮೇಲಿಂದ ಎರಡು ಕಣ್ಣು ಒಮ್ಮೆ ನನ್ನತ್ತ ಬರುತ್ತಿದ್ದವು. ನಾನು ನೋಡಿದರೆ ಕಾರ್ಡು ಇನ್ನೊಂದಿಷ್ಟು ಮೇಲೇರುತ್ತಿತ್ತು.

"ಸರ್, ಆನಿ ಕಾಲು ಮ್ಯಾಲ ಅದಾವ್ರಿ," ಎಂದೆ ಒಂದು ದಿನ. "ಕಾರ್ಡು ತಲಿಕೆಳಗ ಹಿಡದೀರಿ."

"ಮಕ್ಕಳು ಗುರುತು ಹಿಡಿತಾರೇನು ನೋಡೂನು ಅಂತ ಹಂಗ ಹಿಡದಿದ್ದೆ ರಿ."

"ಮಕ್ಕಳು ಹಿಡದಾರ. ನಾನೂ ಹಿಡದೀನಿ."

ಅವರ ಕಿವಿ ಕೆಂಪಾದವು. ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಒಬ್ಬಳೇ ನಗುತ್ತಿದ್ದೆ. ಗಂಡ ಹೋದ ಮೇಲೆ ನನ್ನ ನಗು ನನಗೇ ಅಪರಿಚಿತವಾಗಿತ್ತು. ಅದು ವಾಪಸು ಬಂದದ್ದು ನನಗೆ ಇಷ್ಟವಾಯಿತು, ಹೆದರಿಕೆಯೂ ಆಯಿತು.

ನನ್ನ ಹುಲಿಗಿಗೆ ಬಣ್ಣ, ಹಣ್ಣು, ಪ್ರಾಣಿ, ಇಪ್ಪತ್ತರವರೆಗೆ ಎಣಿಕೆ ಎಲ್ಲ ಬಂತು. ಮಕ್ಕಳು ಗುಂಪಾಗಿ ನಿಂತರೆ ಮಾತ್ರ ಅವಳು ಕಂಡಕ್ಟರ್ ಮಗಳಾಗಿಬಿಡುತ್ತಿದ್ದಳು: "ಒಳಗ ಸರೀರಿ, ಜಾಗ ಐತಿ!" ಹೆಸರು ಕೇಳಿದರಂತೂ ಕೆಳಗಿನ ಝೆರಾಕ್ಸ್ ಅಂಗಡಿಗೂ ಕೇಳುವಂತೆ, "ಮೈ ನೇಮ್ ಈಸ್ ಹುಲಿಗವ್ವ!"

"ಒಂದೀಟು ಮೆತ್ತಗ ಹೇಳಬೇಕು ಪುಟ್ಟಿ," ಎನ್ನುತ್ತಿದ್ದರು ಅವರು.

"ಯಾಕ್ರಿ ಮೆತ್ತಗ?" ಎಂದೆ ನಾನು.

"ನಗತಾರ ನೇತ್ರಾವತಿಯವರ. ಸಣ್ಣ ಕೂಸು. ಹಂಗ ನಕ್ಕಿದ್ದು ಮನಸ್ಸಿನ್ಯಾಗ ಒಮ್ಮೆ ಕುಂತ್ರ ಏಳೂದಿಲ್ರಿ."

ಇಂಟರಾಕ್ಷನ್‌ಗೆ ಒಂದು ವಾರ ಉಳಿದಿತ್ತು. ಈಗ ನನ್ನ ಡ್ಯೂಟಿ ಬೇವೂರಿನ ಮೇಲೆ ಹೋಗುವ ಕುಷ್ಟಗಿ ಬಸ್ಸು. ಅವತ್ತು ಕೊಪ್ಪಳಕ್ಕೆ ವಾಪಸು ಬರುವಾಗ ಬೇವೂರಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ರೊಟ್ಟಿಯ ಗಂಟು ಹಿಡಿದು ಹತ್ತಿದಳು. ಫ್ರೀ ಟಿಕೆಟ್‌ಗೆ ಆಧಾರ್ ತೋರಿಸಿದವಳೇ ಮಾತಿಗೆ ಇಳಿದಳು.

"ಕೊಪ್ಪಳದಾಗ ನನ್ನ ಮಗ ಮಾಸ್ತರ ಅದಾನವಾ. ಸಣ್ಣ ಕೂಸುಗೊಳಿಗೆ ಇಂಗ್ಲಿಷ್ ಕಲಸ್ತಾನ. ಹುಚ್ಚೀರಪ್ಪ ಅಂತ."

"ಎಲ್ಲೈತಿ ಯವ್ವಾ ಅವರ ಕ್ಲಾಸು?"

"ನಾ ನೋಡಿಲ್ಲವಾ. ಬಸ್ ಸ್ಟ್ಯಾಂಡಿನ ಹಿಂದ ಐತಂತ. ತಾನ ಬಸ್ ಸ್ಟ್ಯಾಂಡಿಗೆ ಬರ್ತಾನ, ರೊಟ್ಟಿ ಇಸಗೊಂತಾನ, ಚಾ ಕುಡಸ್ತಾನ, ತಿರಗಿ ಬಸ್ ಹತ್ತಸ್ತಾನ. ನಿನಗ ಮೆಟ್ಟಲ ಹತ್ತಾಕ ಆಗೂದಿಲ್ಲ ಬ್ಯಾಡಬೇ ಅಂತಾನ." ಹಾಗೆಂದವಳು ಬಸ್ಸಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದ್ದಳು.

ಕೊಪ್ಪಳ ಬಂತು. ಪ್ಲಾಟ್‌ಫಾರ್ಮಿನಲ್ಲಿ ಹರ್ಷ ಸರ್ ನಿಂತಿದ್ದರು. ಮುಂದಿನ ಬಾಗಿಲಿನಿಂದ ಇಳಿದ ಅವಳು ಕೈಯೆತ್ತಿ, "ಏ ಹುಚ್ಚೀರಾ!" ಎಂದು ಕೂಗಿದಳು. ಅವರು ಅವ್ವನನ್ನು ನೋಡಿದರು, ಹಿಂದಿನ ಬಾಗಿಲಲ್ಲಿ ಟಿಕೆಟ್ ಮಷಿನ್ ಹಿಡಿದು ನಿಂತ ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು.

ನನಗೆ ನಗು ಬರಲಿಲ್ಲ. ತನ್ನ ಹೆಸರು ಕರೆದಾಳೆಂದು ಹೆತ್ತವಳನ್ನು ಕ್ಲಾಸಿಗೆ ಬರಗೊಡದ ಮನುಷ್ಯನನ್ನು ನಾನು ಪ್ರೀತಿಸುತ್ತಿದ್ದೆ. ಪ್ರೀತಿಸುತ್ತಿದ್ದೇನೆಂಬುದೂ ಅವತ್ತೇ, ಆ ಸಂಕಟದಲ್ಲೇ ನನಗೆ ಖಚಿತವಾಯಿತು.

ಸಂಜೆ ಮಕ್ಕಳೆಲ್ಲ ಇಳಿದು ಹೋಗುವವರೆಗೆ ಕಾದೆ. ಹುಲಿಗಿ ಮೂಲೆಯಲ್ಲಿ ಬಣ್ಣ ತುಂಬುತ್ತಿದ್ದಳು.

"ನಿಮ್ಮ ಹೆಸರೇನ್ರಿ ಸರ್?"

"ಗೊತ್ತಾತಲ್ರಿ."

"ನಿಮ್ಮ ಬಾಯಿಲೆ ಕೇಳಬೇಕು."

ಅವರು ಕಾರ್ಡುಗಳನ್ನು ಜೋಡಿಸಿದರು, ಮತ್ತೆ ಚೆಲ್ಲಿದರು, ಮತ್ತೆ ಜೋಡಿಸಿದರು. "ಹೈಸ್ಕೂಲಿಗೆ ಕೊಪ್ಪಳಕ್ಕ ಬಂದೆ ರಿ. ಹಾಜರಿ ಕರದಾಗೊಮ್ಮೆ ಕ್ಲಾಸಿಗೆ ಕ್ಲಾಸ್ ತಲಿ ಹತ್ರ ಬೆರಳು ತಿರುವತಿತ್ತು. ಹುಚ್ಚ ಬಂದ, ಹುಚ್ಚ ಬಂದ. ಮೂರು ವರ್ಷ. ಕಾಲೇಜಿಗೆ ಹೋದ ದಿನಾನ ಎಲ್ಲಾರ ಮುಂದ ಹರ್ಷ ಅಂತ ಹೇಳಿಬಿಟ್ಟೆ. ನಿಮ್ಮ ಕೂಸಿಗೆ ಹಂಗ ಆಗಬಾರದು ಅಂತ..." ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು. "ನೇತ್ರಾವತಿ, ನಾ ನಿಮ್ಮನ್ನ..."

"ಮುಂದ ಹೇಳಬ್ಯಾಡ್ರಿ." ಹುಲಿಗಿಯ ಬಣ್ಣಗಳನ್ನು ಚೀಲಕ್ಕೆ ತುಂಬಿದೆ. "ಹರ್ಷ ಅನ್ನೋರು ಯಾರೋ ನನಗ ಗೊತ್ತಿಲ್ಲ. ಹುಚ್ಚೀರಪ್ಪ ಬಂದು ಹೇಳಿದ್ರ ಕೇಳ್ತೀನಿ."

ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಆ ವಾರ ಕ್ಲಾಸಿಗೆ ನನ್ನ ಅವ್ವನೇ ಅವಳನ್ನು ಕರೆದುಕೊಂಡು ಹೋದಳು. ನಾನು ಹೋಗಲಿಲ್ಲ, ಆದರೆ ಅವ್ವ ಬಂದ ಕೂಡಲೇ "ಸರ್ ಏನರ ಅಂದ್ರೇನು?" ಎಂದು ದಿನಾ ಕೇಳಿದೆ. ದಿನಾ "ಏನೂ ಅನ್ನಲಿಲ್ಲವಾ" ಎಂದಳು.

ಇಂಟರಾಕ್ಷನ್ ದಿನ, ಬಂದ ಮಕ್ಕಳಲ್ಲಿ ಬಹಳಷ್ಟು ಅವರ ಕ್ಲಾಸಿನವೇ ಎಂದು, ಶಾಲೆಯವರು ಹರ್ಷ ಸರ್ ಅವರನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರು. ಪಟ್ಟಿ ಹಿಡಿದು ಹೆಸರು ಕರೆಯುವುದು, ಮಕ್ಕಳನ್ನು ಒಳಗೆ ಬಿಡುವುದು ಅವರ ಕೆಲಸ. ಅಂಗಿಯ ಮೇಲೆ ‘ಹರ್ಷ’ ಎಂಬ ಬ್ಯಾಡ್ಜ್ ಇತ್ತು. ಆರ್ಯನ್, ಸಾನ್ವಿ, ಧೃತಿ ಎಂದು ಕರೆಯುತ್ತ ಬಂದವರು ಪಟ್ಟಿಯಲ್ಲಿ ನನ್ನ ಮಗಳ ಹೆಸರಿಗೆ ಬಂದು ಒಂದು ಗಳಿಗೆ ತಡೆದರು.

"ಹುಲಿಗವ್ವ," ಎಂದರು. ಮೆತ್ತಗೆ ಅಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಮಗಳು ಬಸ್ ಬಂದಿತೇನೋ ಎಂಬಂತೆ ಓಡಿದಳು.

ಒಳಗೆ ಪ್ರಿನ್ಸಿಪಾಲ್ ಮೇಡಂ, ಅವರ ಪಕ್ಕ ಆಡಳಿತ ಮಂಡಳಿಯವರೊಬ್ಬರು. ಹುಲಿಗಿ ಬಣ್ಣ ಹೇಳಿದಳು, ಎಣಿಸಿದಳು, ಆನೆಯನ್ನು ಎಲಿಫೆಂಟ್ ಎಂದಳು. ಕಡೆಗೆ ಹೆಸರು ಕೇಳಿದರು. ಅವಳು ಎಂದಿನ ದನಿಯಲ್ಲೇ ಹೇಳಿದಳು.

ಮಂಡಳಿಯವರು ಬಾಯಿಗೆ ಕರವಸ್ತ್ರ ಹಿಡಿದರು. ಮೇಡಂ ನನ್ನತ್ತ ಬಾಗಿದರು. "ಮಗು ತುಂಬಾ ಚುರುಕಾಗಿದ್ದಾಳೆ. ಹೆಸರೊಂದು ಯೋಚನೆ ಮಾಡಿ. ಇನ್ನೂ ಟೈಮ್ ಇದೆ, ಬದಲಾಯಿಸಬಹುದು. ಬೇರೆ ಮಕ್ಕಳು ನಗ್ತಾರೆ. ಅವಳ ಒಳ್ಳೇದಕ್ಕೇ ಹೇಳ್ತಿರೋದು."

ಸೀಟು ಕೈಗೆ ಬಂದಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಹುಲಿಗಿ ತಾನು ಏನು ತಪ್ಪು ಹೇಳಿದೆ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಆ ಒಂದು ನೋಟ ಸಾಕಾಯಿತು.

"ನಗೋ ಮಕ್ಕಳಿಗೆ ನಗಬಾರದು ಅಂತ ಕಲಸೂದು ಸಾಲಿ ಕೆಲಸ ಅಲ್ಲೇನ್ರಿ ಮೇಡಂ?" ಎಂದೆ. "ಅದಕ್ಕ ನನ್ನ ಮಗಳ ಹೆಸರು ಯಾಕ ತಿದ್ದಬೇಕು? ಆಕಿ ಹುಲಿಗವ್ವ. ಹಂಗ ಕರೀತೀರಂದ್ರ ಕಳಸ್ತೀನಿ."

ಅಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು.

"ಮೇಡಂ, ಈ ಬ್ಯಾಡ್ಜಿನ ಮ್ಯಾಲಿನ ಹೆಸರು ತಪ್ಪೈತ್ರಿ. ನಾ ಹರ್ಷ ಅಲ್ಲ. ಹುಚ್ಚೀರಪ್ಪ."

ಈ ಸಲ ಮಂಡಳಿಯವರ ನಗು ಕರವಸ್ತ್ರ ದಾಟಿ ಹೊರಬಂತು.

"ನಗ್ರಿ," ಎಂದರು ಅವರು. ಮುಖ ಬಿಳಿಚಿತ್ತು, ಆದರೆ ಮಾತು ತಡವರಿಸಲಿಲ್ಲ. "ಈ ನಗಿಗೆ ಅಂಜಿ ನಮ್ಮವ್ವನ್ನ ಒಂದ ದಿನಾನೂ ನನ್ನ ಕ್ಲಾಸಿಗೆ ಕರಕೊಂಡು ಬಂದಿಲ್ಲ. ಹೆಸರು ಮುಚ್ಚಿಟ್ಟವ ಎಂಥವ ಆಗ್ತಾನ ಅಂತ ನೋಡಬೇಕಂದ್ರ ನನ್ನ ನೋಡ್ರಿ. ಮಕ್ಕಳಿಗೆ ಹೆಸರು ಮೆತ್ತಗ ಹೇಳಾಕ ಕಲಿಸಿದಾಂವ ನಾನ. ಇನ್ನ ಕಲಸೂದಿಲ್ಲ." ಬ್ಯಾಡ್ಜ್ ಬಿಚ್ಚಿ, ಪಟ್ಟಿಯ ಜೊತೆ ಮೇಜಿನ ಮೇಲಿಟ್ಟು ನಮ್ಮ ಹಿಂದೆಯೇ ಹೊರಬಂದರು.

ಗೇಟಿನ ಮುಂದೆ ನೂರಾರು ಅಪ್ಪ ಅಮ್ಮಂದಿರು. ಅವರು ಅಲ್ಲೇ ನಿಂತರು.

"ಹುಚ್ಚೀರಪ್ಪ ಬಂದಾನ್ರಿ. ಹೇಳಲೇನು?"

"ಇಷ್ಟ ಮಂದಿ ಮುಂದ?"

"ಮಂದಿ ಮುಂದ ಹೇಳಬೇಕು. ಕದ್ದು ಹೇಳೂದು ಸಾಕಾಗೇತಿ." ಉಸಿರೆಳೆದುಕೊಂಡರು. "ನನಗ ನೀವು ಬೇಕ್ರಿ ನೇತ್ರಾವತಿ. ನಿಮ್ಮ ಸಿಟ್ಟು ಸಮೇತ, ಹುಲಿಗಿ ಸಮೇತ."

ನಾನು ಏಳು ವರ್ಷದಿಂದ ತುಂಬಿದ ಬಸ್ಸಿನಲ್ಲಿ ಕೂಗಿ ಮಾತಾಡುವವಳು. ಅವತ್ತೂ ಅದೇ ದನಿ ತೆಗೆದೆ. "ನೀವೂ ನನಗ ಬೇಕ್ರಿ," ಎಂದೆ. ಹತ್ತಿರವಿದ್ದ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಅವಳಿಗೂ ಅದು ಚಂದ ಕಂಡಿರಬೇಕು.

ಸೀಟು ಸಿಗಲಿಲ್ಲ. ಮೂರನೆಯ ದಿನ ಬಂದ ಪಟ್ಟಿಯಲ್ಲಿ ಹುಲಿಗವ್ವ ಇರಲಿಲ್ಲ. ಒಂದು ಸಂಜೆ ಪೂರ್ತಿ ಅತ್ತೆ. ಮರುದಿನ ಹೋಗಿ ಸರ್ಕಾರಿ ಶಾಲೆಯ ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಗೆ ಹೆಸರು ಹಚ್ಚಿ ಬಂದೆ. ದೊಡ್ಡ ಶಾಲೆಯವರ ಜೊತೆ ಕೆಡಿಸಿಕೊಂಡರೆಂದು ಹುಚ್ಚೀರಪ್ಪನವರ ಕ್ಲಾಸಿನಿಂದ ಅರ್ಧ ಮಕ್ಕಳು ಬಿಟ್ಟುಹೋದರು. ಅವರು ಹಳೆಯ ಬೋರ್ಡು ಇಳಿಸಿ ತಮ್ಮ ಹೆಸರಿನದೇ ಬೋರ್ಡು ಬರೆಸಿದರು. ಅದನ್ನು ನೋಡಲು ಅವರ ಅವ್ವ ಬೇವೂರಿನಿಂದ ಬಂದು, ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದಳು.

ಆಮೇಲೆ ತಾಯಿ ಮಗ ಇಬ್ಬರೂ ಹೆಣ್ಣು ಕೇಳಲು ನಮ್ಮ ಮನೆಗೆ ಬಂದರು. ಹಿರಿಯರೆಂದು ನನ್ನ ದೊಡ್ಡಪ್ಪ ಮರಿಸ್ವಾಮಿಯನ್ನು ಕರೆಸಿದ್ದೆವು.

ನಮ್ಮಲ್ಲಿ ಗಂಡ ಸತ್ತವಳು ಮತ್ತೊಬ್ಬನನ್ನು ಕಟ್ಟಿಕೊಳ್ಳಬಾರದು ಎಂದೇನಿಲ್ಲ. ಅದಕ್ಕೆ ಉಡಿಕಿ ಎನ್ನುತ್ತಾರೆ. ಊರು ಮಲಗಿದ ಮೇಲೆ, ವಾದ್ಯ ಊದುವ ಭಜಂತ್ರಿ ಇಲ್ಲದೆ, ನಾಲ್ಕು ಜನ ಸೇರಿ ಸೀರೆ ಉಡಿಸಿ ಗಂಡಿನ ಜೊತೆ ಕಳಿಸಿಬಿಡುವುದು. ಬೆಳಗಾಗುವುದರೊಳಗೆ ಎಲ್ಲ ಮುಗಿದಿರಬೇಕು.

"ಹುಡುಗ ಛಲೋ ಅದಾನ," ಎಂದ ದೊಡ್ಡಪ್ಪ. "ಉಡಿಕಿ ಮಾಡೂನು. ಅಮಾಸಿ ಕಳಿಲಿ, ಒಂದು ರಾತ್ರಿ ನೋಡಿ ಮುಗಿಸಿಬಿಡೂನು."

"ರಾತ್ರಿ ಒಲ್ಲೆ," ಎಂದೆ.

"ಪದ್ಧತಿ ಐತಿ ತಂಗಿ."

"ನಾನೇನು ಕಳವು ಮಾಡಿ ಹೊಂಟೀನೇನು ದೊಡ್ಡಪ್ಪ? ಹಗಲಾಗಲಿ. ಭಜಂತ್ರಿ ಹೇಳ್ರಿ, ಮೈಕ್ ಹಚ್ಚಸ್ರಿ."

ಗೋಡೆಗೆ ಒರಗಿ ಕೂತಿದ್ದ ಅವ್ವ ಎದ್ದು ನಿಂತಳು. ಅವಳೂ ಗಂಡ ಸತ್ತವಳೇ. ಮದುವೆಮನೆಗಳಲ್ಲಿ ಇಷ್ಟು ವರ್ಷ ಒಲೆಯ ಮುಂದೆಯೇ ಕೂತವಳು. "ನನ್ನ ಮಗಳಿಗೆ ಸೀರಿ ನಾನ ಉಡಸ್ತೀನಿ," ಎಂದಳು. "ಬ್ಯಾಡನ್ನೋರು ಅವರವರ ಮನ್ಯಾಗ ಕೂಡ್ರಲಿ."

ದೊಡ್ಡಪ್ಪ ಕಡೆಯ ಆಸರೆಗೆಂದು ಹುಚ್ಚೀರಪ್ಪನವರತ್ತ ತಿರುಗಿದ. "ನೀ ಹೇಳಪಾ ಮಾಸ್ತರ. ಮಂದಿ ನಗತಾರ."

"ನಗಾಕ ಬಂದೋರಿಗೂ ಊಟ ಹಾಕೂನ್ರಿ," ಎಂದರು ಅವರು. "ನೂರು ಎಲಿ ಹೆಚ್ಚಿಗಿ ತರಸ್ತೀನಿ."

ಅಷ್ಟೂ ಜನರ ಮುಂದೆ ನಾನು ಅವರ ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು, ಸ್ವಲ್ಪ ಬೆವರಿತ್ತು. ಬಿಡಲಿಲ್ಲ.

"ಹೊತ್ತು ಯಾವುದು ಬರಸೂನು?" ಎಂದ ದೊಡ್ಡಪ್ಪ, ಸೋತ ದನಿಯಲ್ಲಿ.

"ಮಧ್ಯಾಹ್ನ ಹನ್ನೆರಡೂವರಿ."

"ಬಿಸಲು ಭಾಳ ಇರತೈತಲ್ಲವಾ."

"ಇರಲಿ," ಎಂದೆ. "ಎಲ್ಲಾರಿಗೂ ಛಲೋತ್ನಂಗ ಕಾಣತೈತಿ."