ನೀಲಿ ದೀಪದ ಅಳತೆ

ಗುರುದೇವಿಯ ಫೋನಿಗಾಗಿ ಶ್ರೀಶ ಎರಡು ತಿಂಗಳಿಂದ ಕಾದಿದ್ದ. ಬಂದಾಗ ಅವಳ ದನಿ ಅತ್ತು ಒಣಗಿದ ಹಾಗಿತ್ತು.

"ನಮ್ಮ ನೀಲಿ ಲೈಟ್ ಇನ್ನೊಂದ್ಸಲ ಅಳದು ನೋಡ್ತೀರೇನ್ರಿ? ಇವತ್ತ ಬರ್ರಿ."

ಬಸವೇಶ್ವರನಗರದ ಸರ್ವೀಸ್ ಆಫೀಸಿನಿಂದ ಅವನು ಬೈಕ್ ಹತ್ತಿದ. ವಿಜಯನಗರದ ಆ ಚಿಕ್ಕ ನರ್ಸಿಂಗ್ ಹೋಮಿನಲ್ಲಿ, ಕಾಮಾಲೆಯಾದ ಎಳೆಕೂಸುಗಳನ್ನು ಅದು ಇಳಿಯಲಿ ಅಂತ ನೀಲಿ ಟ್ಯೂಬ್‌ಗಳ ಕೆಳಗೆ ಮಲಗಿಸುತ್ತಿದ್ದರು. ಮೂರು ತಿಂಗಳಿಗೊಮ್ಮೆ ಆ ಬೆಳಕನ್ನು ಮೀಟರಿನಲ್ಲಿ ಅಳೆಯೋದು ಶ್ರೀಶನ ಕೆಲಸ. ಟ್ಯೂಬ್ ಸೊರಗಿದರೂ ಕಣ್ಣಿಗೆ ಗೊತ್ತಾಗಲ್ಲ, ಮೊದಲಿನ ಹಾಗೇ ನೀಲಿಯಾಗಿ ಉರಿಯುತ್ತೆ.

ಜೂನ್‌ನಲ್ಲಿ ಅವನು ಹೋದಾಗ ಗುರುದೇವಿ ಹೊಸ ನರ್ಸ್. ಬಾಗಲಕೋಟೆ ಕಡೆಯವಳು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾ, "ಹಂಗ್ ನೋಡಬ್ಯಾಡ್ರಿ, ನಿಮಗೂ ಒಂದು ಪಟ್ಟಿ ಕಟ್ಟಬೇಕಾಗ್ತದ" ಅಂದಿದ್ದಳು.

"ಲೈಟ್ ನೋಡ್ತಿದ್ದೆ ರೀ."

"ಲೈಟ್ ಅಲ್ಲೈತಿ. ನಾ ಇಲ್ಲಿ ಅದೀನಿ."

ತುಟಿ ಕಚ್ಚಿ ನಗು ತಡೆದಿದ್ದಳು. ಆ ನಗುವನ್ನು ಎರಡು ತಿಂಗಳು ಜೇಬಲ್ಲಿಟ್ಟುಕೊಂಡೇ ಓಡಾಡಿದ್ದ.

ಇವತ್ತು ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಆರ್‌ಪಿಸಿ ಲೇಔಟಿನ ಕೂಸು. ಎರಡು ದಿನ ಲೈಟಿನಾಗ ಇಟ್ರೂ ಕಾಮಾಲೆ ಇಳೀಲಿಲ್ಲ, ಏರಿತು. ದೊಡ್ಡಾಸ್ಪತ್ರೆಗೆ ಒಯ್ದು ರಕ್ತ ಬದಲಿಸ್ಯಾರ. ಜೀವ ಉಳಿದೈತಿ. ಕಾಮಾಲೆ ಅಷ್ಟು ಏರಿದ್ದಕ್ಕ ಕಿವಿಗೆ ಏನಾರ ಆಗೈತೇನೋ, ಟೆಸ್ಟ್ ಮಾಡೂತನ ಗೊತ್ತಾಗೂದಿಲ್ಲಂತ. ನಾನು ಕೂಸನ್ನ ಲೈಟಿಂದ ಪದೇ ಪದೇ ಎತ್ತಿದ್ನಿ ಅಂತ ಡಾಕ್ಟರ್ ಮೆಮೋ ಕೊಟ್ಟಾರ. ಎತ್ತಿಲ್ರೀ ನಾ."

ಶ್ರೀಶ ಟ್ಯೂಬ್ ಕೆಳಗೆ ಮೀಟರ್ ಹಿಡಿದ. ಕನಿಷ್ಠ ಹತ್ತು ಬರಬೇಕು. ಬಂದದ್ದು ಮೂರು.

"ಮೂರು!" ಗುರುದೇವಿ ಅವನ ತೋಳು ಹಿಡಿದುಬಿಟ್ಟಳು. "ಹಂಗಾರ ತಪ್ಪು ನಂದಲ್ಲ!" ಮೊದಲ ಸಲ ಮುಟ್ಟಿದ್ದಳು.

ಡಾಕ್ಟರ್ ಜಗದಾಂಬಾ ಬಾಗಿಲಲ್ಲಿ ನಿಂತಿದ್ದರು. "ಜೂನ್ ರಿಪೋರ್ಟಲ್ಲಿ ಹನ್ನೊಂದು ಅಂತಿದೆಯಲ್ರೀ. ವೋಲ್ಟೇಜ್ ಏರುಪೇರಾಗಿ ಟ್ಯೂಬ್ ಸಡನ್ನಾಗಿ ಹೋಗಿರುತ್ತಾ?"

ಹ್ಞೂಂ ಅಂದರೆ ಸಾಕಿತ್ತು. ಗುರುದೇವಿಯೂ ಉಳಿಯುತ್ತಿದ್ದಳು, ಅವನೂ ಉಳಿಯುತ್ತಿದ್ದ.

"ಇಲ್ಲ ಮೇಡಂ," ಅಂದ. "ಜೂನ್‌ನಲ್ಲಿ ನಾನು ಅಳೀಲೇ ಇಲ್ಲ. ಮಾತಾಡ್ತಾ ನಿಂತೆ. ಆಮೇಲೆ ಹಳೇ ರೀಡಿಂಗ್ ನೋಡ್ಕೊಂಡು ಬರೆದುಬಿಟ್ಟೆ."

ಗುರುದೇವಿಯ ಕೈ ಅವನ ತೋಳಿನಿಂದ ಜಾರಿತು.

ಅವನು ಅಲ್ಲೇ ಕೂತು ಎಲ್ಲ ಬರೆದುಕೊಟ್ಟ. ಗೇಟಿನ ಹತ್ತಿರ ಅವಳು ಹಿಂದಿಂದ ಬಂದಳು.

"ಯಾರ ಕೂಡ ಮಾತಾಡ್ಕೋಂತ ನಿಂತಿದ್ರಿ? ನನ್ನ ಕೂಡ ಅಲ್ಲೇನ್ರಿ? ನನ್ನ ನೋಡ್ಕೋಂತ ಮರತ್ನಿ ಅಂತ ಯಾರಿಗೂ ಹೇಳಬ್ಯಾಡ್ರಿ. ಆ ಕೂಸಿನ ಪಾಪ ನನ್ನ ತಲೀ ಮ್ಯಾಲ ಬರ್ತದ."

"ಅದು ನಿಮ್ಮಿಂದ ಆಗಿದ್ದಲ್ಲ. ನನ್ನಿಂದ."

"ನಿಮ್ಮ ಮ್ಯಾಲ ಮನಸಾಗಿತ್ರೀ ನನಗ," ಅಂದಳು, ಬೈದ ಹಾಗೆ. ಹಿಂತಿರುಗಿ ನೋಡದೆ ಒಳಗೆ ಹೋದಳು.

ಗುರುದೇವಿಯ ಮೆಮೋ ವಾಪಸ್ಸಾಯಿತು. ಕಂಪನಿ ಶ್ರೀಶನನ್ನು ತೆಗೆದುಹಾಕಿತು. ಅವನು ಮಗುವಿನ ಮನೆ ಹುಡುಕಿಕೊಂಡು ಹೋಗಿ ತಾಯಿ ಪುಟ್ಟಲಕ್ಷ್ಮಿಯ ಎದುರು ತಪ್ಪೊಪ್ಪಿಕೊಂಡ. ಆಕೆ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು. ಆಮೇಲೆ ರಾಜಾಜಿನಗರದ ಒಂದು ಯುಪಿಎಸ್ ರಿಪೇರಿ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಎಲ್ಲಾದರೂ ಮಗು ಅತ್ತರೆ ಸಾಲ್ಡರ್ ಹಿಡಿದ ಕೈ ನಿಂತುಹೋಗುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಅಂಗಡಿ ಮುಂದೆ ಗುರುದೇವಿ ನಿಂತಿದ್ದಳು. ಸೊರಗಿದ್ದಳು.

"ಕಿವಿ ಟೆಸ್ಟ್ ಆತು. ಪುಟ್ಟಲಕ್ಷ್ಮಿ ಅವರ ಕೂಡ ನಾನೂ ಹೋಗಿದ್ನಿ." ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. "ಎರಡೂ ಕಿವಿ ಛಲೋ ಕೇಳ್ತಾವ್ರೀ."

ಶ್ರೀಶ ಸ್ಟೂಲ್ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ, ಹೋಗಲೂ ಇಲ್ಲ.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಅಂದಳು ಕೊನೆಗೆ.

"ಗೊತ್ತು ರೀ."

"ಭಾನುವಾರ ನನಗ ರಜಾ. ಬರ್ರಿ. ಬೈಯೂದು ಭಾಳ ಐತಿ, ಒಂದ ದಿನಕ್ಕ ಮುಗಿಯೂದಿಲ್ಲ."