ಅರವತ್ತೊಂದನೆಯ ಸಾಲು

ಚೌಡವ್ವಳ ಬಲಗೈಯ ಮೂರು ಬೆರಳು ಹೋದವು. ಹಾನಗಲ್ಲಿನ ಕಟ್ಟಿಗೆ ಮಿಲ್ಲಿನಲ್ಲಿ, ತಿರುಗುತ್ತಿದ್ದ ಗರಗಸದ ಬ್ಲೇಡಿನ ಒಂದು ಹಲ್ಲು ಮುರಿದು ಹಾರಿತ್ತು. ತಪ್ಪು ಅವಳದೇ ಎಂದು ಮಿಲ್ಲಿನವರು ಬರೆದುಕೊಂಡರು.

ಹನ್ನೊಂದನೆಯ ದಿನ, ಮಧ್ಯಾಹ್ನ ಎರಡೂವರೆಗೆ, ನನ್ನ ಸ್ಕೂಟರಿನ ಬೆನ್ನಿಗೆ ಒಂದು ಬಿಳಿ ಪಿಕಪ್ ಬಿತ್ತು.

ಹಾರ್ನ್ ಇಲ್ಲ. ಬರೀ ಇಂಜಿನ್ನಿನ ಗುರುಗುಟ್ಟು.

ಹಾನಗಲ್ ದಾಟಿ ಬಂಕಾಪುರದ ಕಡೆ ಹೊರಟಿದ್ದೆ. ನನ್ನ ಕಾಲ ಬಳಿ ಗೋಣಿಚೀಲದಲ್ಲಿ ಸುತ್ತಿದ ಅದೇ ಬ್ಲೇಡು. ಐವತ್ತೊಂಬತ್ತು ಹಲ್ಲು. ಒಂದು ಇಲ್ಲ.

ಕನ್ನಡಿಯಲ್ಲಿ ನೋಡಿದೆ. ಡ್ರೈವರ್ ನಗುತ್ತಿದ್ದ!

ಧಡ್!

ಬಂಪರ್ ನನ್ನ ಮಡ್‌ಗಾರ್ಡಿಗೆ ಬಡಿಯಿತು. ಹ್ಯಾಂಡಲ್ ಒದ್ದಾಡಿತು. ಗೋಣಿಚೀಲ ಜಾರಿತು... ಮೊಣಕಾಲಿನಿಂದ ಒತ್ತಿ ಹಿಡಿದೆ. ಚೀಲದೊಳಗಿನ ಹಲ್ಲು ಬಟ್ಟೆ ಹರಿದು ಮೀನಖಂಡಕ್ಕೆ ನಾಟಿತು. ಹನ್ನೊಂದು ದಿನವಾದರೂ ಅದರ ಹಸಿವು ಹೋಗಿರಲಿಲ್ಲ.

ಮುಂದೆ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ಅಂಚಿಗೆ ಸಾಲುಗಲ್ಲು. ಎಡಕ್ಕೆ ಮೊಳದಷ್ಟು ಮಣ್ಣಿನ ದಾರಿ. ಸ್ಕೂಟರನ್ನು ಅಲ್ಲಿಗೆ ನೂಕಿದೆ.

ಅವನು ಕಾಳಿನ ಮೇಲೆಯೇ ಬಂದ. ಬಂದವನು ಬ್ರೇಕ್ ಒತ್ತಿದ.

ಕಾಳಿನ ಮೇಲೆ ಬ್ರೇಕ್ ಒತ್ತಬಾರದು. ನಮ್ಮ ಕಡೆ ಎಮ್ಮೆಗಳಿಗೂ ಗೊತ್ತು.

ಪಿಕಪ್ ಸುತ್ತು ಹೊಡೆದು ಗಟಾರಕ್ಕೆ ಮೂಗು ತೂರಿಸಿತು. ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು. "ಏ ಹಾಟ್ಯಾ! ಕಣ್ಣ ಎಲ್ಲಿ ಇಟಗೊಂಡಿ? ಈ ಕಾಳ ನಿಮ್ಮಪ್ಪ ಬಂದು ಆರಿಸ್ತಾನೇನು? ಇಳಿ ಕೆಳಗ!"

ಅವನು ಬೇಗ ಬರಲಾರ ಎಂದು ಗೊತ್ತಾಯಿತು. ಆ ಹೆಂಗಸಿನ ಕೈಯಲ್ಲಿ ಕಸಬರಿಗೆ ಇತ್ತು.

ಎರಡು ಕಿಲೋಮೀಟರ್ ಮುಂದೆ ಬೇವಿನ ಮರದ ಕೆಳಗೆ ನಿಂತು ಚನ್ನೇಶನಿಗೆ ಫೋನ್ ಮಾಡಿದೆ.

"ಬ್ಲೇಡ್ ಸಿಕ್ಕೈತಿ ಚನ್ನೇಶ. ಆದ್ರ ಯಾರೋ ಬೆನ್ನ ಹತ್ತ್ಯಾರ."

"ಯಾರು?"

"ಮಿಲ್ಲಿನವರು ಇರಬೇಕು."



"ಸ್ಟೇಷನ್ನಿಗೆ ಅಂತ ಹೋಗಬ್ಯಾಡ ಮತ್ತ. ಸೀದಾ ವರ್ಕ್‌ಶಾಪಿಗೆ ಬಾ. ನಾ ಅದೀನಲ್ಲ, ಸಂಗಾತಿ!"

ಸಂಗಾತಿ. ಆ ಒಂದು ಮಾತಿಗೆ ನಾನು ಬಾವಿಗೂ ಇಳಿಯುತ್ತಿದ್ದೆ.

ಕೇಳಿ. ನನ್ನ ಹೆಸರು ಮಾಲಾ. ಊರು ಹಿರೇಕೆರೂರು. ಮಷಿನ್ ರಿಪೇರಿ ನನ್ನ ದಂಧೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ನಾಲ್ಕೂ ತಾಲೂಕಿನಲ್ಲಿ ಯಾವ ಮಷಿನ್ ಹಟ ಹಿಡಿದರೂ ನನಗೇ ಫೋನು. ಸ್ಪ್ಯಾನರ್ ಹಿಡಿದ ಹೆಂಗಸನ್ನು ನೋಡಿ ನಗುವ ಗಂಡಸರು ಬಹಳ. ಮಷಿನ್ ನಿಂತಾಗ ಯಾರೂ ನಗುವುದಿಲ್ಲ.

ಚನ್ನೇಶ ನನ್ನ ಜೊತೆ ಓದಿದವನು. ಕಾಲೇಜಿನಲ್ಲಲ್ಲ. ನಮ್ಮ ಕೇರಿಯಲ್ಲಿ, ಬುದ್ಧನ ಫೋಟೋದ ಕೆಳಗೆ, ಪ್ರತಿ ಭಾನುವಾರ ನಡೆಯುತ್ತಿದ್ದ ಓದುಕೂಟದಲ್ಲಿ. ಒಂದೇ ಚಾಪೆ, ಒಂದೇ ಪುಸ್ತಕ, ಹನ್ನೆರಡು ತಲೆ. ಗಟ್ಟಿಯಾಗಿ ಓದುವವನು ಅವನೇ. "ಮಷಿನ್ ಮುಂದ ನಿಂತವನಿಗೇ ಮಷಿನ್ ಮ್ಯಾಲೆ ಹಕ್ಕು" ಎಂದು ಅವನು ಹೇಳಿದ ದಿನ ನಾನು ಅತ್ತಿದ್ದೆ. ಇಪ್ಪತ್ತು ವರ್ಷದ ಹಿಂದಿನ ಮಾತು.

ಈಗ ಅವನಿಗೇ ಒಂದು ಮಷಿನ್ ಇದೆ.

ಬಂಕಾಪುರ ಕ್ರಾಸಿನಲ್ಲಿ ಅವನ ವರ್ಕ್‌ಶಾಪು. ಸುತ್ತಲಿನ ಮಿಲ್ಲುಗಳ ಗರಗಸದ ಬ್ಲೇಡೆಲ್ಲ ಸಾಣೆಗೆ ಅಲ್ಲಿಗೇ ಬರುತ್ತವೆ. ಮಷಿನ್ ಸಾದಾ ಅಲ್ಲ. ಅದಕ್ಕೆ ಎರಡು ಕೈ. ಒಂದು ಕೈ ಸಾಣೆ ಹಿಡಿಯುತ್ತದೆ, ಇನ್ನೊಂದು ಅಳತೆ ಮಾಡುತ್ತದೆ. ಬ್ಲೇಡಿನ ಪ್ರತಿ ಹಲ್ಲಿನ ತುದಿಗೂ ಒಂದು ಗಟ್ಟಿ ಲೋಹದ ಚೂರು ಬೆಸೆದಿರುತ್ತಾರೆ. ಸೂಜಿಯಂಥ ಪ್ರೋಬ್ ಒಂದೊಂದೇ ಚೂರನ್ನು ಮುಟ್ಟಿ, ಎಷ್ಟು ದಪ್ಪ ಉಳಿದಿದೆ ಎಂದು ನೋಡುತ್ತದೆ. ತೆಳ್ಳಗಾಗಿದ್ದರೆ ಕೆಂಪು ಲೈಟು. ಸಾಣೆ ಬಂದ್. ಆ ಬ್ಲೇಡ್ ಮಿಲ್ಲಿಗೆ ಹೋಗುವಂತಿಲ್ಲ.

ಹಾಗಾದರೆ ಚೌಡವ್ವಳ ಬ್ಲೇಡು ಹೇಗೆ ಹೋಯಿತು?

ಅದೇ ಪ್ರಶ್ನೆ ಕೇಳಲು ಕಾರ್ಖಾನೆ ಇಲಾಖೆಯ ಸಾಹೇಬರು ಆ ದಿನ ನಾಲ್ಕು ಗಂಟೆಗೆ ಬರುವವರಿದ್ದರು. ಮಷಿನ್ ಸರಿ ಇದೆ, ಬ್ಲೇಡಿನ ಅಳತೆಯೂ ಸರಿ ಇತ್ತು ಎಂದು ಹೊರಗಿನ ಮೆಕ್ಯಾನಿಕ್ ಒಬ್ಬರ ಸಹಿ ಬೇಕಿತ್ತು. ಆ ಸಹಿ ಬಿದ್ದರೆ ಚೌಡವ್ವ ಬದುಕಿರುವ ತನಕ ತನ್ನ ಬೆರಳು ತಾನೇ ಕತ್ತರಿಸಿಕೊಂಡವಳು.

ಚನ್ನೇಶ ನನ್ನನ್ನು ಕರೆದ. ಸಹಿ ಹಾಕುವ ಮೊದಲು ನಾನು ಚೌಡವ್ವಳನ್ನು ಕಂಡು ಬಂದೆ.

"ನನ್ನ ಕೈ ತಪ್ಪಿಲ್ಲ ಯವ್ವಾ" ಎಂದಳು ಅವಳು. "ಹಲ್ಲು ಹಾರಿತು, ಕಟ್ಟಿಗಿ ಒದೀತು, ಕೈ ಒಳಗ ಎಳೀತು. ಬಲಗೈಗೆ ಪಟ್ಟಿ ಕಟ್ಟಿದ್ರು. ಎಡಗೈ ಹೆಬ್ಬಟ್ಟು ಹಿಡದು ಕಾಗದಕ್ಕ ಒತ್ತಿಸಿಗೊಂಡ್ರು. ಏನ್ ಬರದೈತಿ ಅಂತ ಕೇಳಿದ್ರ, 'ನಿನ್ನ ಹೆಸರಬೇ' ಅಂದ್ರು!"

ಬ್ಲೇಡು ಗುಜರಿಗೆ ಹೋಗಿದೆ ಎಂದಿದ್ದ ಚನ್ನೇಶ. ಹೋಗಿಲ್ಲ, ಮಿಲ್ಲಿನಲ್ಲಿ ಹೊಟ್ಟು ಗುಡಿಸುವ ಮುದಕವ್ವನ ಹತ್ತಿರ ಇದೆ ಎಂದಳು ಚೌಡವ್ವ. ಆ ಬೆಳಿಗ್ಗೆ ಹಾನಗಲ್ಲಿಗೆ ಹೊರಡುವಾಗ ಅದನ್ನು ನಾನು ಒಬ್ಬನಿಗೆ ಮಾತ್ರ ಹೇಳಿದ್ದೆ. ಚನ್ನೇಶನಿಗೆ.

ಮುದಕವ್ವ ಹೊಟ್ಟಿನ ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ ಬ್ಲೇಡು ಎಳೆದು ಕೊಟ್ಟಳು.

"ಗುಜರಿಗೆ ಒಗದು ಬಾ ಅಂದ ಸಾವುಕಾರ. ಆ ಹುಡುಗಿ ಬೆರಳ ಒಗದ್ರು, ಮಾತು ಒಗದ್ರು. ಇದನ್ನ ಒಗ್ಯಾಕ ನನ್ನ ಕೈ ಬರಲಿಲ್ಲ ತಂಗಿ. ಹೋಗು, ಲಗೂ ಹೋಗು!"

ಹೊರಟೆ. ಮಿಲ್ಲಿನ ಗೇಟಿನ ಹೊರಗೆ ಒಂದು ಬಿಳಿ ಪಿಕಪ್ ನಿಂತಿತ್ತು. ಮುಂದಿನದು ನಿಮಗೆ ಗೊತ್ತು.

ವರ್ಕ್‌ಶಾಪು ಮುಟ್ಟಿದಾಗ ಮೂರೂಕಾಲು. ತಗಡಿನ ಮೇಲೆ ಒಂದು ನವಿಲು ಕೂತು ಕಿರುಚುತ್ತಿತ್ತು. ಚನ್ನೇಶ ಓಡಿ ಬಂದ. ನನ್ನ ಕಾಲಿನ ರಕ್ತ ನೋಡಿ ತನ್ನ ಕರವಸ್ತ್ರ ಬಿಚ್ಚಿ ಕಟ್ಟಿದ. ಚಹಾ ತರಿಸಿದ. ತಿನ್ನಲು ಸವಣೂರು ಖಾರದ ಪೊಟ್ಟಣ ಬಿಡಿಸಿದ.

"ಬ್ಲೇಡ್ ಕೊಡು. ಒಳಗ ಇಟ್ಟು ಬರ್ತೇನಿ."

"ಒಳಗ ಯಾಕ? ಮಷಿನ್ನಿಗೆ ಹಾಕೂಣು. ಟೈಮ್ ಐತಿ."

"ಬ್ಯಾಡ ಬಿಡ. ರಿಪೋರ್ಟ್ ಐತಲ್ಲ? ಬ್ಲೇಡ್ ಕಳಸೂ ದಿನ ಅಳತಿ ಮಾಡಿದ್ದು. ಅರವತ್ತೂ ಹಲ್ಲು ಪಾಸ್!"

ಒಂದು ಪ್ರಿಂಟು ನನ್ನ ಮುಂದೆ ಇಟ್ಟ. ಜೊತೆಗೆ ಸರ್ಟಿಫಿಕೇಟು. ಪೆನ್ನಿನ ಟೋಪಿ ಕೂಡ ತಾನೇ ತೆಗೆದ.

ಮಷಿನ್ ಹತ್ತಿರ ಆಪರೇಟರ್ ಖಲಂದರ ನಿಂತಿದ್ದ. ಸವಣೂರಿನವನು. ಐವತ್ತೈದು ದಾಟಿದೆ. ಬಾಯಲ್ಲಿ ಸದಾ ಎಲೆ, ಜೇಬಿನಲ್ಲಿ ಸುಣ್ಣದ ಡಬ್ಬಿ. ಮಷಿನ್ನಿಗೆ ಒಂದನೆಯ ಹಲ್ಲು ಯಾವುದೆಂದು ನಾವೇ ತೋರಿಸಬೇಕು. ಬೇರೆಯವರು ಪೆನ್ನಿನಿಂದ ಗುರುತು ಹಾಕುತ್ತಾರೆ. ಖಲಂದರ ಹೆಬ್ಬೆರಳಿಗೆ ಸುಣ್ಣ ಹಚ್ಚಿ ಒಂದು ಬೊಟ್ಟು ಇಡುತ್ತಾನೆ.

ಎಷ್ಟೇ ಮಾತಿನವನಾದರೂ ಆ ದಿನ ನನಗೆ ಸಲಾಂ ಕೂಡ ಹೇಳಲಿಲ್ಲ.

"ಚಾಚಾ, ಇದನ್ನ ಏರಸ್ರಿ" ಎಂದೆ.

ಅವನು ಚನ್ನೇಶನ ಮುಖ ನೋಡಿದ. ನಾನು ಕಾಯಲಿಲ್ಲ. ಚೀಲ ಬಿಚ್ಚಿ ಬ್ಲೇಡನ್ನು ನಾನೇ ಏರಿಸಿದೆ. ಸುಣ್ಣದ ಬೊಟ್ಟು ಹೊಟ್ಟಿನೊಳಗೂ ಉಳಿದಿತ್ತು. ಅಲ್ಲಿಂದ ಎಣಿಸಿದೆ. ಮುರಿದದ್ದು ಇಪ್ಪತ್ಮೂರನೆಯದು. ಅಳತೆಗೆ ಬಟನ್ ಒತ್ತಿದೆ.

ಟಿಕ್... ಟಿಕ್... ಟಿಕ್...

ಇಪ್ಪತ್ತೆರಡನೆಯ ಹಲ್ಲು. ಕೆಂಪು ಲೈಟು! ಅರ್ಧ ಮಿಲಿಮೀಟರ್ ದಪ್ಪ. ರಿಪೋರ್ಟಿನಲ್ಲಿ ಎರಡು ಎಂದಿತ್ತು.

ಇಪ್ಪತ್ನಾಲ್ಕು. ಮತ್ತೆ ಕೆಂಪು!

"ಹನ್ನೊಂದು ದಿನ ಆತು, ಸವದಿರಬೇಕು" ಎಂದ ಚನ್ನೇಶ.

"ತಿರುಗಿಸಿದ್ದು ಒಂದ ದಿನ. ಅವತ್ತ ಮುರೀತು. ಆಮ್ಯಾಲೆ ಹೊಟ್ಟಿನಾಗ ಮಲಗಿತ್ತು. ಮಲಗಿದ್ರ ಹಲ್ಲು ಸವೀತಾವೇನು?"

ಅವನು ನಕ್ಕ. ಹಳೆಯ ನಗು. ನನಗೂ ನಗು ಬರಬೇಕಿತ್ತು.

ಆದರೆ ನಾನು ರಿಪೋರ್ಟನ್ನೇ ನೋಡುತ್ತಿದ್ದೆ. ಮೇಲಿನಿಂದ ಕೆಳಗೆ ಬೆರಳಿಟ್ಟು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

"ಎಷ್ಟ ಸಾಲು ಅದಾವ ಇದರಾಗ?"

"ಅರವತ್ತು ಹಲ್ಲಿಗೆ ಅರವತ್ತು ಸಾಲು. ಮತ್ತೆಷ್ಟಿರ್ತಾವ?"

ಖಲಂದರ ಕಣ್ಣು ಮುಚ್ಚಿದ.

ಅದೇ ಕ್ಷಣ ಪ್ರೋಬ್ ಅರವತ್ತನೆಯ ಹಲ್ಲು ಮುಟ್ಟಿತು. ಟಿಕ್. ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ತಿರುಗಿ, ಸುಣ್ಣದ ಬೊಟ್ಟಿದ್ದ ಒಂದನೆಯ ಹಲ್ಲನ್ನೇ ಮತ್ತೊಮ್ಮೆ ಮುಟ್ಟಿತು. ಟಿಕ್. ಆಮೇಲೆ ನಿಂತಿತು.

"ನೋಡಿದೇನು?" ಎಂದೆ. "ಸುತ್ತು ಮುಗದ ಮ್ಯಾಲೆ ಮೊದಲನೇ ಹಲ್ಲ ಇನ್ನೊಮ್ಮೆ ಮುಟ್ಟತೈತಿ. ನಡುವ ಬ್ಲೇಡ್ ಜಾರೇತೋ ಇಲ್ಲೋ ನೋಡಾಕ. ಅರವತ್ತು ಹಲ್ಲಿಗೆ ಅರವತ್ತೊಂದು ಸಾಲು, ಚನ್ನೇಶ. ಇಲ್ಲಿ ನಿಂತು ಕೆಲಸ ಮಾಡೂ ಎಲ್ಲಾರಿಗೂ ಗೊತ್ತು. ಇದು ಮಷಿನ್ ಬರದ ರಿಪೋರ್ಟ್ ಅಲ್ಲ. ಖುರ್ಚಿ ಮ್ಯಾಲೆ ಕುಂತವರು ಬರದಿದ್ದು."

ಅವನು ಬಾಯಿ ತೆರೆದ. ಉತ್ತರ ಬಾಗಿಲಿನಿಂದ ಬಂತು.

"ಸರ್ರ, ತಪ್ಪಿಸಿಗೊಂಡ್ಲು ನೋಡ್ರಿ ಆಕಿ! ಗಾಡಿ ಗಟಾರಕ್ಕ ಬಿತ್ತು. ಒಬ್ಬಾಕಿ ಮುದುಕಿ ಕಸಬರಗೀಲೆ ಹೊಡದ್ಲು ಬ್ಯಾರೆ! ನೀವು ಬರೇ ಚೀಲ ಕಸಗೊಂಡು ಬಾ ಅಂದಿದ್ರಿ, ಇದೆಲ್ಲಾ ಹೇಳಿದ್ದಿಲ್ಲ..."

ಪಿಕಪ್ ಡ್ರೈವರ್. ಕಾಲರಿನಲ್ಲಿ ಗೋವಿನಜೋಳದ ಕಾಳು. ನನ್ನನ್ನು ನೋಡಿ ಮಾತು ಅಲ್ಲಿಗೇ ನಿಂತಿತು.



ಕಾಲಿಗೆ ಕಟ್ಟಿದ ಕರವಸ್ತ್ರ ಬಿಚ್ಚಿದೆ. ಮಡಚಿದೆ. ಚನ್ನೇಶನ ಚಹಾದ ಕಪ್ಪಿನ ಪಕ್ಕದಲ್ಲಿಟ್ಟೆ. ರಕ್ತ ಇನ್ನೂ ಹರಿಯುತ್ತಿತ್ತು. ಹರಿಯಲಿ.

"ಮಿಲ್ಲಿನವರು ಅಂದ್ಕೊಂಡಿದ್ದೆ" ಎಂದೆ.

"ಮಾಲಾ, ಪೂರಾ ಕೇಳು. ಒಂದ ಬ್ಲೇಡ್ ಅಳತಿಗೆ ಎಂಟು ನಿಮಿಷ ಹೋಗ್ತಾವ. ದಿನಾ ನಲವತ್ತು ಬ್ಲೇಡ್. ಮಿಲ್ಲಿನವರು ಹೊರಗ ನಿಂತು ಬಾಯಿ ಮಾಡ್ತಾರ. ಸಾಣಿ ಹಿಡದು ಕೊಡು ಸಾಕು, ಅಳತಿ ಯಾರಿಗೆ ಬೇಕು ಅಂತಾರ. ಇಲ್ಲಿ ಆರು ಮಂದಿ ಹೊಟ್ಟಿ ಐತಿ. ನೀನೂ ಓದಿದಾಕಿ, ತಿಳೀಬೇಕು..."

"ಹೌದು. ಒಂದ ಚಾಪಿ ಮ್ಯಾಲೆ ಕುಂತು ಓದೇವಿ. ನಾ ಹಾಳಿ ತಿರುವಿದೆ. ನೀ ಚಾಪಿ ಮಾರಿದಿ."

ಅವನ ಮುಖದಿಂದ ಸಂಗಾತಿ ಇಳಿದುಹೋದ. ಮಾಲೀಕ ಬಂದು ಕೂತ.

"ಸಹಿ ಮಾಡು. ಇಲ್ಲಾಂದ್ರ ನಾಲ್ಕೂ ತಾಲೂಕಿನಾಗ ಒಂದ ಶೆಡ್ಡಿನ ಬಾಗಿಲಾ ನಿನಗ ತೆರೆಯೂದಿಲ್ಲ. ಆಕಿಗೆ ಕೆಲಸ ಬರೂದಿಲ್ಲ, ಮಷಿನ್ ಕೆಡಿಸಿ ಹೋಗ್ತಾಳ ಅಂತ ನಾನ ಹೇಳ್ತೇನಿ. ಯಾರ ಮಾತು ನಂಬ್ತಾರ, ನಿಂದೋ, ನಂದೋ?"

ಪೆನ್ನು ಎತ್ತಿಕೊಂಡೆ. ಅವನ ಹೆಗಲು ಸಡಿಲಾಯಿತು. ಪೆನ್ನಿಗೆ ಟೋಪಿ ಹಾಕಿ ಅವನ ಜೇಬಿಗೆ ಸಿಕ್ಕಿಸಿದೆ.

ಚನ್ನೇಶನ ಕಣ್ಸನ್ನೆ ಆಯಿತು. ಡ್ರೈವರ್ ಹಿಂದಿನಿಂದ ನನ್ನ ಎರಡೂ ತೋಳು ತಿರುಚಿ ಹಿಡಿದ! ಹಿಮ್ಮಡಿಯಿಂದ ಅವನ ಮೊಣಕಾಲಿಗೆ ಒದ್ದೆ. "ಯಪ್ಪೋ!" ಎಂದ, ಆದರೆ ಬಿಡಲಿಲ್ಲ. ಗೋಡೆಗೆ ಒತ್ತಿದ. ಕೆನ್ನೆಗೆ ತಣ್ಣನೆಯ ತಗಡು.

ಗೋಡೆ ಗಡಿಯಾರದಲ್ಲಿ ಮೂರು ನಲವತ್ತು.

"ಖಲಂದರ!" ಚನ್ನೇಶ ಕೂಗಿದ. "ಅಳತಿ ಬಂದ್ ಮಾಡು. ಸಾಣಿ ಚಾಲೂ ಮಾಡು. ಆ ಬ್ಲೇಡಿಗೆ ಒಂದೂ ಹಲ್ಲು ಉಳೀಬಾರ್ದು. ಹದಿನೈದು ನಿಮಿಷದಾಗ ಬೋಳು ತಗಡಾಗಬೇಕು. ನಡಿ!"

ಖಲಂದರ ಮಷಿನ್ನಿನ ಮುಂದೆ ಬಂದ. ಬಟನ್ನುಗಳ ಮೇಲೆ ಅವನ ಕೈ ಹೋಯಿತು. ಆ ಕೈಗೆ ನಿದ್ದೆಯಲ್ಲೂ ಗೊತ್ತು, ಎಲ್ಲಿ ಏನಿದೆ ಎಂದು.

"ಏನ್ ನೋಡ್ತಿ? ಒತ್ತು!"

"ಅವತ್ತೂ ಹಿಂಗ ಅಂದಿದ್ರಿ ಸಾಹೇಬ್ರ" ಎಂದ ಖಲಂದರ. ದನಿ ಮೇಲೇರಲಿಲ್ಲ. "ಕೆಂಪು ಲೈಟ್ ಬಂತು. ತೋರಿಸಿದೆ. ಅಳತಿ ಬಂದ್ ಮಾಡು, ಸಾಣಿ ಹಿಡಿ ಅಂದ್ರಿ. ಹಿಡದೆ. ಆ ಹೆಣ್ಣಮಗಳ ಮನಿಗೆ ಹೋಗಿದ್ದೆ. ನನ್ನ ಮಗಳು ಸಾಯಿಮಾನ ವಯಸ್ಸಿನಾಕಿ. ಎಡಗೈಲೆ ರೊಟ್ಟಿ ಮುರೀತಿದ್ಲು... ಮುರಿಯಾಕ ಬರವಲ್ದು. 'ಕುಂತ್ಕೊರಿ ಚಾಚಾ' ಅಂದು ನನಗೂ ಒಂದ ರೊಟ್ಟಿ ಕೊಟ್ಲು."

"ಕತಿ ಬ್ಯಾಡ! ಒತ್ತತಿಯೋ, ನಾಳಿಂದ ಮನ್ಯಾಗ ಇರ್ತಿಯೋ?"

ಖಲಂದರ ಬಾಯಲ್ಲಿದ್ದ ಎಲೆಯನ್ನು ಕಸದ ಡಬ್ಬದಲ್ಲಿ ಉಗುಳಿದ. ಜೇಬಿನಿಂದ ಸುಣ್ಣದ ಡಬ್ಬಿ ತೆಗೆದ. ಹೆಬ್ಬೆರಳಿಗೆ ಹಚ್ಚಿಕೊಂಡು, ಮಾಸಿದ ಬೊಟ್ಟಿನ ಮೇಲೆ ಹೊಸ ಬೊಟ್ಟು ಇಟ್ಟ. ಬೆಳ್ಳಗೆ, ಎದ್ದು ಕಾಣುವ ಹಾಗೆ. ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡ.

"ಒತ್ತೂದಿಲ್ರಿ."

"ಏನಂದಿ?"

"ನಾ ಒತ್ತೂದಿಲ್ಲ. ಮಷಿನ್ ನಿಮ್ದ ಐತಲ್ರಿ ಸಾಹೇಬ್ರ, ಬರ್ರಿ, ನೀವ ಒತ್ರಿ..." ಖಲಂದರ ಬದಿಗೆ ಸರಿದು ಜಾಗ ಬಿಟ್ಟ. "ಎಲ್ಲಿ ಒತ್ತಬೇಕು, ಗೊತ್ತೈತೇನ್ರಿ?"